ಕಾಣದ ವೈರಿಯನ್ನು ಗೆದ್ದ ಲೂಯಿ ಪಾಶ್ಚರ್

ನಾಡಹಬ್ಬಗಳೂ ಮಹಾಪುರುಷರ ಜಯಂತಿಗಳೂ ನಮ್ಮ ಪಂಚಾಂಗದಲ್ಲಿ ಇರುವಂತೆಯೇ, ಲೋಕದ ಅನೇಕ ರಾಷ್ಟ್ರಗಳು ಕೂಡಿ ಆಚರಿಸುವ ಕೆಲವು ದಿನಗಳೂ ಇವೆ. ರೋಗಗಳನ್ನು ತಡೆಗಟ್ಟುವ ಬಗೆಯನ್ನು ಜನತೆಗೆ ನೆನಪು ಮಾಡಿಕೊಡುವುದೇ ಅವುಗಳಲ್ಲಿ ಹಲವು ದಿನಗಳ ಉದ್ದೇಶ. ಮಾರ್ಚ್ 24 ಕ್ಷಯರೋಗ ದಿನ. 1882ರಲ್ಲಿ ಅದೇ ದಿನ ಜರ್ಮನಿಯ ರಾಬರ್ಟ್ ಕಾಕ್ ಎಂಬ ವೈದ್ಯನು ಕ್ಷಯದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ಲೋಕಕ್ಕೆ ತಿಳಿಸಿದನು. ಏಪ್ರಿಲ್ ತಿಂಗಳ ಕೊನೆಯ ವಾರ ಲಸಿಕೆಯ ವಾರ. ಅಕ್ಟೋಬರ್ 24 ಪೋಲಿಯೋ ದಿನ. ಇವುಗಳ ಸಾಲಿನಲ್ಲಿಯೇ ಜುಲೈ 6ನ್ನು ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳ ದಿನವೆಂದೂ, ಸೆಪ್ಟೆಂಬರ್ 28ನ್ನು ರೇಬೀಸ್ ದಿನವೆಂದೂ ಆಚರಿಸುತ್ತಾರೆ. ಈ ಎರಡು ದಿನಗಳೂ ಒಬ್ಬನೇ ವ್ಯಕ್ತಿಯ ಬಾಳಿಗೆ ಸೇರಿದವು. ಮೊದಲನೆಯದು ಆತನು ಪರಊರಿನ ಬಾಲಕನೊಬ್ಬನ ಪ್ರಾಣವನ್ನು ಉಳಿಸಲು ಮುಂದಾದ ದಿನ. ಎರಡನೆಯದು ಆತನೇ ಇಹಲೋಕವನ್ನು ತ್ಯಜಿಸಿದ ದಿನ. ಆ ವ್ಯಕ್ತಿಯೇ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್.

ಪಾಶ್ಚರನು 1822ನೆಯ ಇಸವಿ ಡಿಸೆಂಬರ್ 27ರಂದು ಪೂರ್ವ ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ ಜನಿಸಿದನು. ಆತನ ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸೇವೆ ಸಲ್ಲಿಸಿ ಗೌರವಪದಕವನ್ನು ಪಡೆದಿದ್ದವನು. ಸೈನ್ಯದಿಂದ ಮರಳಿದ ಮೇಲೆ ತೊಗಲು ಹದಮಾಡುವ ಕಸುಬಿನಿಂದ ಸಂಸಾರವನ್ನು ನಡೆಸುತ್ತಿದ್ದನು. ಲೂಯಿ ಚಿಕ್ಕವನಿರುವಾಗಲೇ ಕುಟುಂಬವು ಆರ್ಬ್ವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿತು. ದ್ರಾಕ್ಷಿತೋಟಗಳಿಂದ ಸುತ್ತುವರಿದ ಆ ಪಟ್ಟಣದ ಹೊಳೆಯ ದಡದಲ್ಲಿ, ತೊಗಲಿನ ವಾಸನೆಯ ನಡುವೆ ಆತನ ಬಾಲ್ಯವು ಕಳೆಯಿತು. ತಾನು ಹೆಚ್ಚು ಓದಲಾರದೆ ಹೋದ ತಂದೆಗೆ ಮಗನನ್ನು ವಿದ್ಯಾವಂತನನ್ನಾಗಿ ಮಾಡಬೇಕೆಂಬ ಹಂಬಲ ಬಲವಾಗಿತ್ತು.

ಆತನಿಗೆ ಎಂಟು ವರ್ಷ ತುಂಬಿದ್ದಾಗ, 1831ರಲ್ಲಿ, ಆ ಸೀಮೆಯಲ್ಲಿ ಭಯಂಕರವಾದ ಘಟನೆಯೊಂದು ನಡೆಯಿತು. ಹುಚ್ಚು ಹಿಡಿದ ತೋಳವೊಂದು ಬೆಟ್ಟದಿಂದಿಳಿದು ಬಂದು ಎದುರಿಗೆ ಸಿಕ್ಕವರನ್ನೆಲ್ಲ ಕಚ್ಚಿತು. ಕಡಿತಕ್ಕೆ ಒಳಗಾದವರನ್ನು ಕಮ್ಮಾರನ ಕುಲುಮೆಗೆ ಕರೆತಂದು, ಕೆಂಪಗೆ ಕಾದ ಕಬ್ಬಿಣದಿಂದ ಗಾಯಗಳನ್ನು ಸುಡುತ್ತಿದ್ದರು. ಅಂದಿನ ಕಾಲಕ್ಕೆ ತಿಳಿದಿದ್ದ ಚಿಕಿತ್ಸೆ ಅದೊಂದೇ. ಅಷ್ಟು ಯಾತನೆಯನ್ನು ಸಹಿಸಿದರೂ ಹಲವರು ಕೆಲವು ವಾರಗಳಲ್ಲಿ ಆ ರೋಗದಿಂದಲೇ ಸತ್ತರು. ನೀರನ್ನು ಕಂಡರೆ ಗಂಟಲು ಬಿಗಿದು, ಗಾಳಿ ಸೋಕಿದರೂ ಮೈ ನಡುಗಿ, ಮನಸ್ಸು ಕದಡಿ ಪ್ರಾಣ ಬಿಡುವ ಆ ರೋಗವನ್ನು ನಮ್ಮಲ್ಲಿ ಹುಚ್ಚುನಾಯಿ ರೋಗವೆಂದೂ ಜಲಭೀತಿಯೆಂದೂ ಕರೆಯುತ್ತಾರೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ರೇಬೀಸ್ ಎಂದು ಹೆಸರು. ಕುಲುಮೆಯ ಸುತ್ತ ನೆರೆದಿದ್ದ ಆ ಭೀತಿಯನ್ನು ಬಾಲಕ ಲೂಯಿ ಬಲ್ಲವನಾಗಿದ್ದನು. ಐವತ್ತು ವರ್ಷಗಳ ಅನಂತರ ಅದೇ ರೋಗಕ್ಕೆ ತಾನು ಇದಿರಾಗಿ ನಿಲ್ಲುವೆನೆಂದು ಆಗ ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಬಾಲ್ಯದಲ್ಲಿ ಪಾಶ್ಚರನು ಅಸಾಧಾರಣ ಬುದ್ಧಿವಂತನೆಂದು ಯಾರಿಗೂ ತೋರಲಿಲ್ಲ. ಚಿತ್ರ ಬರೆಯುವುದರಲ್ಲಿ ಮಾತ್ರ ಆತನಿಗೆ ಒಳ್ಳೆಯ ಕೈವಾಡವಿತ್ತು. ಹದಿಹರೆಯದಲ್ಲಿ ಆತನು ಬರೆದ ತಾಯಿತಂದೆಯರ ವರ್ಣಚಿತ್ರಗಳು ಇಂದಿಗೂ ಉಳಿದಿವೆ. 1838ರಲ್ಲಿ ಓದಿಗಾಗಿ ಪ್ಯಾರಿಸ್ ನಗರಕ್ಕೆ ಕಳುಹಿಸಿದಾಗ, ಮನೆಯ ಹಂಬಲವನ್ನು ತಾಳಲಾರದೆ ಕೆಲವು ವಾರಗಳಲ್ಲಿಯೇ ಊರಿಗೆ ಮರಳಿದನು. ಮುಂದೆ ಹತ್ತಿರದ ಬೆಸಾನ್ಸೋನ್ ಪಟ್ಟಣದಲ್ಲಿ ಓದಿ, ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯ ಪ್ರವೇಶ ಪರೀಕ್ಷೆಗೆ ಕುಳಿತನು. 1842ರಲ್ಲಿ ತೇರ್ಗಡೆ ಹೊಂದಿದರೂ ದೊರೆತ ಸ್ಥಾನವು ಆತನಿಗೆ ಸಮಾಧಾನ ತರಲಿಲ್ಲ. ಸಿಕ್ಕಿದ ಅವಕಾಶವನ್ನು ತಾನಾಗಿಯೇ ಬಿಟ್ಟು, ಮತ್ತೊಂದು ವರ್ಷ ಓದಿ, 1843ರಲ್ಲಿ ಮೇಲಿನ ಸ್ಥಾನವನ್ನು ಪಡೆದು ಸಂಸ್ಥೆಯನ್ನು ಸೇರಿದನು. ತನ್ನ ಕೆಲಸಕ್ಕೆ ತಾನೇ ಕಠಿಣ ಪರೀಕ್ಷಕನಾಗುವ ಈ ಗುಣವು ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಪಾಶ್ಚರನು ವೈದ್ಯನಲ್ಲ, ಆತನು ರಸಾಯನಶಾಸ್ತ್ರದ ವಿದ್ಯಾರ್ಥಿ. 1848ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ದ್ರಾಕ್ಷಾರಸದ ಪೀಪಾಯಿಗಳಲ್ಲಿ ಸಂಗ್ರಹವಾಗುವ ಟಾರ್ಟಾರಿಕ್ ಆಮ್ಲಕ್ಕೆ ಸಂಬಂಧಿಸಿದ ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸುತ್ತಿದ್ದನು. ಒಂದೇ ಬಗೆಯವೆಂದು ಎಲ್ಲರೂ ನಂಬಿದ್ದ ಆ ಹರಳುಗಳಲ್ಲಿ ಎರಡು ಜಾತಿ ಇರುವುದು ಆತನ ಕಣ್ಣಿಗೆ ಬಿದ್ದಿತು. ಬಲಗೈಯೂ ಎಡಗೈಯೂ ಒಂದೇ ತೆರನಾಗಿದ್ದರೂ ಒಂದರ ಮೇಲೊಂದು ಹೊಂದಿಕೊಳ್ಳದಿರುವಂತೆ, ಅವು ಒಂದಕ್ಕೊಂದು ಕನ್ನಡಿಯ ಬಿಂಬದಂತಿದ್ದವು. ಆತನು ಚಿಮಟ ಹಿಡಿದು ಒಂದೊಂದೇ ಹರಳನ್ನು ಆರಿಸಿ ಎರಡು ರಾಶಿಗಳನ್ನಾಗಿ ಮಾಡಿದನು. ಅಣುಗಳ ಆಕಾರವನ್ನು ಕುರಿತ ಒಂದು ಹೊಸ ಶಾಸ್ತ್ರವೇ ಇದರಿಂದ ಹುಟ್ಟಿತು. ಇತರರು ನೋಡಿಯೂ ಕಾಣದುದನ್ನು ಕಾಣುವ ಕಣ್ಣು ಆತನಿಗಿತ್ತು.

1849ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಅಧ್ಯಾಪಕನಾಗಿದ್ದಾಗ ಮೇರಿ ಲೊರಾಂ ಎಂಬವಳೊಡನೆ ಆತನ ವಿವಾಹವಾಯಿತು. ಆಕೆ ಕೇವಲ ಗೃಹಿಣಿಯಾಗಿರಲಿಲ್ಲ. ಗಂಡನು ಹೇಳಿದುದನ್ನು ಬರೆದುಕೊಳ್ಳುತ್ತ, ಆತನ ಪ್ರಯೋಗಗಳಲ್ಲಿ ನೆರವಾಗುತ್ತ ಬಾಳಿನುದ್ದಕ್ಕೂ ಆತನ ಸಹಕರ್ಮಿಯಾದಳು. 1854ರಲ್ಲಿ ಪಾಶ್ಚರನು ಲೀಲ್ ಎಂಬ ಕೈಗಾರಿಕಾ ನಗರದ ವಿಜ್ಞಾನ ವಿಭಾಗಕ್ಕೆ ಮುಖ್ಯಸ್ಥನಾದನು. ಅಲ್ಲಿ ಬೀಟ್ ಗೆಡ್ಡೆಯಿಂದ ಮದ್ಯಸಾರವನ್ನು ತಯಾರಿಸುವ ಉದ್ಯಮಿಗಳಿದ್ದರು. ಅವರಲ್ಲಿ ಒಬ್ಬನ ಮಗ ಪಾಶ್ಚರನ ಶಿಷ್ಯ. ತೊಟ್ಟಿಗಳಲ್ಲಿನ ರಸವು ಮದ್ಯಸಾರವಾಗದೆ ಹುಳಿತು ಕೆಡುತ್ತಿದೆಯೆಂದು ಆ ತಂದೆ 1856ರಲ್ಲಿ ಪಾಶ್ಚರನ ನೆರವನ್ನು ಕೇಳಿದನು. ಪಾಶ್ಚರನು ತೊಟ್ಟಿಯ ರಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದನು. ಚೆನ್ನಾಗಿ ಹುದುಗಿದ ರಸದಲ್ಲಿ ದುಂಡಗಿನ ಹುದುಗುಕಣಗಳಿದ್ದವು. ಕೆಟ್ಟ ರಸದಲ್ಲಿ ಕಡ್ಡಿಯಂತಹ ಬೇರೆ ಜೀವಿಗಳು ತುಂಬಿದ್ದವು. ಹುದುಗುವುದೂ ಕೆಡುವುದೂ ಸತ್ತ ವಸ್ತುವಿನ ವ್ಯಾಪಾರವಲ್ಲ, ಕಣ್ಣಿಗೆ ಕಾಣದ ಜೀವಿಗಳ ಕೆಲಸವೆಂಬುದು ಆತನಿಗೆ ಮನವರಿಕೆಯಾಯಿತು.

ಈ ಜೀವಿಗಳು ಎಲ್ಲಿಂದ ಬರುತ್ತವೆ? ಕೊಳೆಯುವ ವಸ್ತುವಿನಲ್ಲಿ ಅವು ತಾವಾಗಿಯೇ ಹುಟ್ಟುತ್ತವೆಂದು ಅನೇಕ ವಿದ್ವಾಂಸರು ನಂಬಿದ್ದರು. ಪಾಶ್ಚರನು ಗಾಜಿನ ಬುರುಡೆಗಳಲ್ಲಿ ಸಾರನ್ನು ತುಂಬಿ, ಅವುಗಳ ಕೊರಳನ್ನು ಬೆಂಕಿಯಲ್ಲಿ ಕಾಯಿಸಿ ಹಂಸದ ಕೊರಳಿನಂತೆ ಬಾಗಿಸಿದನು. ಅನಂತರ ಸಾರನ್ನು ಕುದಿಸಿದನು. ಬಾಗಿದ ಕೊರಳಿನ ಮೂಲಕ ಗಾಳಿ ಒಳಹೊಕ್ಕಿತು. ಆದರೆ ಗಾಳಿಯಲ್ಲಿದ್ದ ದೂಳು ಬಾಗಿನಲ್ಲಿಯೇ ಸಿಕ್ಕಿಕೊಂಡಿತು. ತಿಂಗಳುಗಳು ಕಳೆದರೂ ಸಾರು ಹಳಸಲಿಲ್ಲ. ಬುರುಡೆಯನ್ನು ಓರೆಮಾಡಿ, ಸಾರು ಆ ದೂಳನ್ನು ಮುಟ್ಟುವಂತೆ ಮಾಡಿದೊಡನೆ ಕೆಲವೇ ದಿನಗಳಲ್ಲಿ ಅದು ಕದಡಿ ಕೆಟ್ಟಿತು. 1860ರಲ್ಲಿ ಆತನು ಆಲ್ಪ್ಸ್ ಪರ್ವತದ ಹಿಮನದಿಯವರೆಗೆ 20 ಬುರುಡೆಗಳನ್ನು ಹೊತ್ತುಕೊಂಡು ಹೋಗಿ ಅಲ್ಲಿಯ ಶುದ್ಧವಾದ ಗಾಳಿಗೆ ತೆರೆದನು. ಅವುಗಳಲ್ಲಿ ಒಂದು ಮಾತ್ರ ಕೆಟ್ಟಿತು. ಜೀವವು ಜೀವದಿಂದಲೇ ಹುಟ್ಟುತ್ತದೆ, ಸೂಕ್ಷ್ಮಜೀವಿಗಳು ಹೊರಗಿನಿಂದ ಬಂದು ಸೇರುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ದ್ರಾಕ್ಷಾರಸವನ್ನು ಕುದಿಸದೆ ಹದವಾಗಿ ಬಿಸಿಮಾಡಿದರೆ ಅದನ್ನು ಕೆಡಿಸುವ ಜೀವಿಗಳು ಸಾಯುತ್ತವೆಂದು ಆತನು ಮುಂದೆ ತೋರಿಸಿದನು. ಇಂದು ನಮ್ಮ ಮನೆಗಳಿಗೆ ಬರುವ ಡೇರಿ ಹಾಲನ್ನು ಶುದ್ಧಗೊಳಿಸುವ ಪಾಶ್ಚರೀಕರಣವು ಆತನ ಹೆಸರನ್ನೇ ಹೊತ್ತಿದೆ.

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಸಂಕಟಕ್ಕೆ ಸಿಲುಕಿದ್ದರು. ಹುಳುಗಳು ಮೈಮೇಲೆ ಕರಿಯ ಮೆಣಸಿನ ಪುಡಿ ಎರಚಿದಂತೆ ಚುಕ್ಕೆಗಳಾಗಿ ಗೂಡು ಕಟ್ಟದೆ ಸಾಯುತ್ತಿದ್ದವು. ಸರಕಾರವು ಪಾಶ್ಚರನನ್ನು ಅಲ್ಲಿಗೆ ಕಳುಹಿಸಿತು. ಅದುವರೆಗೆ ಆತನು ರೇಷ್ಮೆಹುಳುವನ್ನು ಕೈಯಿಂದ ಮುಟ್ಟಿದವನಲ್ಲ. ಆಲೆಸ್ ಎಂಬ ಊರಿನಲ್ಲಿ ಹೆಂಡತಿ ಮಕ್ಕಳೊಡನೆ ನೆಲೆಸಿ, ಹುಳುಗಳನ್ನು ಸಾಕಿ, ಹಿಪ್ಪುನೇರಳೆ ಸೊಪ್ಪನ್ನು ಹಾಕಿ, ವರ್ಷವರ್ಷವೂ ಪರೀಕ್ಷಿಸಿದನು. ತಾಯಿಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗದ ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ಮಾತ್ರ ಬಿತ್ತನೆಗೆ ಬಳಸಬೇಕು—ಇದೇ ಆತನು ಕೊಟ್ಟ ಉಪಾಯ. ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗವೆಂದು ಕರೆಯುವುದು ಇದೇ ರೋಗವನ್ನು. ಕರ್ನಾಟಕದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯ ಪರೀಕ್ಷೆ ನಡೆಯುತ್ತದೆ. ರಾಮನಗರದ ಮಾರುಕಟ್ಟೆಗೆ ಗೂಡು ತರುವ ರೈತನಿಗೆ ಪಾಶ್ಚರನ ಹೆಸರು ತಿಳಿಯದಿರಬಹುದು. ಆದರೆ ಆತನ ಬೆಳೆಯನ್ನು ಕಾಯುತ್ತಿರುವುದು ಪಾಶ್ಚರನ ವಿಧಾನವೇ.

ಈ ಕೆಲಸವು ನಡೆಯುತ್ತಿದ್ದ ವರ್ಷಗಳು ಪಾಶ್ಚರನ ಬಾಳಿನಲ್ಲಿ ಅತ್ಯಂತ ದುಃಖದ ವರ್ಷಗಳು. ಹಿರಿಯ ಮಗಳು ಜಾನ್ 1859ರಲ್ಲಿಯೇ, ಒಂಬತ್ತರ ಎಳೆಯ ಪ್ರಾಯದಲ್ಲಿ ವಿಷಮಶೀತ ಜ್ವರಕ್ಕೆ ಬಲಿಯಾಗಿದ್ದಳು. 1865ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ಎರಡು ವರ್ಷದ ಮಗಳು ಕಮೀಲ್ ಕಣ್ಣುಮುಚ್ಚಿದಳು. 1866ರಲ್ಲಿ ಹನ್ನೆರಡು ವರ್ಷದ ಸೆಸೀಲಳನ್ನೂ ವಿಷಮಶೀತ ಜ್ವರವು ಒಯ್ದಿತು. ಐವರು ಮಕ್ಕಳಲ್ಲಿ ಮೂವರನ್ನು ಕಳೆದುಕೊಂಡ ತಂದೆ, ಪ್ರತಿಯೊಂದು ಸಲವೂ ಪ್ರಯೋಗಶಾಲೆಗೆ ಮರಳಿದನು. 1868ರ ಅಕ್ಟೋಬರಿನಲ್ಲಿ ಆತನಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲುಗಳು ಸ್ವಾಧೀನ ತಪ್ಪಿದವು. ಆಗ ವಯಸ್ಸು ನಲವತ್ತೈದು. ಬದುಕಿ ಉಳಿದರೂ ಎಡಭಾಗವು ಮೊದಲಿನಂತೆ ಆಗಲಿಲ್ಲ. ಮುಂದಿನ ಇಪ್ಪತ್ತೇಳು ವರ್ಷಗಳನ್ನು ಆತನು ಕುಂಟುತ್ತಲೇ ನಡೆದನು. ಆತನಿಗೆ ಶಾಶ್ವತವಾದ ಕೀರ್ತಿಯನ್ನು ತಂದ ಲಸಿಕೆಗಳೆಲ್ಲವೂ ಈ ಆಘಾತದ ಅನಂತರದ ಫಲಗಳೆಂಬುದನ್ನು ನಾವು ಗಮನಿಸಬೇಕು.

ಸೂಕ್ಷ್ಮಜೀವಿಗಳು ರಸವನ್ನು ಕೆಡಿಸುವಂತೆ, ಹುಳುಗಳನ್ನು ಕೊಲ್ಲುವಂತೆ, ಮನುಷ್ಯರ ರೋಗಗಳಿಗೂ ಕಾರಣವಾಗಿರಬಹುದಲ್ಲವೆ? ಪಾಶ್ಚರನ ಬರೆಹಗಳನ್ನು ಓದಿದ ಜೋಸೆಫ್ ಲಿಸ್ಟರ್ ಎಂಬ ಬ್ರಿಟಿಷ್ ಶಸ್ತ್ರವೈದ್ಯನು ಗಾಯಗಳನ್ನು ಕಾರ್ಬಾಲಿಕ್ ಆಮ್ಲದಿಂದ ಶುಚಿಗೊಳಿಸಿ, ಶಸ್ತ್ರಚಿಕಿತ್ಸೆಯ ಅನಂತರ ಕೀವು ತುಂಬಿ ಸಾಯುತ್ತಿದ್ದ ಅನೇಕರನ್ನು ಉಳಿಸಿದನು. ಪಾಶ್ಚರನ ಮನಸ್ಸು ಇನ್ನೂ ಮುಂದಕ್ಕೆ ಹೋಗಿತ್ತು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ರಸವನ್ನು ಚುಚ್ಚಿ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ತೋರಿಸಿದ್ದನು. ಆದರೆ ಅದು ಪ್ರಕೃತಿಯೇ ಒದಗಿಸಿದ ಒಂದು ಅನುಕೂಲ. ಉಳಿದ ರೋಗಗಳಿಗೆ ಅಂತಹ ಸೌಮ್ಯವಾದ ಸೋದರರೋಗ ಎಲ್ಲಿಂದ ಬರಬೇಕು?

ಉತ್ತರವು ಕೋಳಿಗಳಿಂದ ದೊರೆಯಿತು. ಕೋಳಿಗಳ ಕಾಲರಾ ರೋಗಾಣುಗಳನ್ನು ಪಾಶ್ಚರನು ಸಾರಿನಲ್ಲಿ ಬೆಳೆಸುತ್ತಿದ್ದನು. ಬಹುಕಾಲ ಇಟ್ಟು ಹಳೆಯದಾದ ಸಾರನ್ನು ಚುಚ್ಚಿದ ಕೋಳಿಗಳು ಸ್ವಲ್ಪ ಮಂಕಾಗಿ ಚೇತರಿಸಿಕೊಂಡವು. ಅವುಗಳಿಗೆ ಮತ್ತೆ ಹೊಸ ರೋಗಾಣುಗಳನ್ನು ಚುಚ್ಚಿದಾಗಲೂ ಅವು ಬದುಕಿದವು. ಹಳೆಯ ಸಾರನ್ನು ಕಾಣದ ಬೇರೆ ಕೋಳಿಗಳು ಸತ್ತವು. 1880ರಲ್ಲಿ ಆತನು ಈ ಫಲಿತಾಂಶವನ್ನು ಪ್ರಕಟಿಸಿದನು. ರೋಗಾಣುವಿನ ಬಲವನ್ನು ಪ್ರಯೋಗಶಾಲೆಯಲ್ಲಿಯೇ ಕುಗ್ಗಿಸಬಹುದು. ಬಲಗುಂದಿದ ರೋಗಾಣುವು ದೇಹಕ್ಕೆ ವೈರಿಯ ಗುರುತನ್ನು ಹಿಡಿಸಿಕೊಟ್ಟು, ಮುಂದೆ ನಿಜವಾದ ದಾಳಿ ಬಂದಾಗ ಹೋರಾಡಲು ಅಣಿಗೊಳಿಸುತ್ತದೆ. ಜೆನ್ನರನ ಗೌರವಾರ್ಥವಾಗಿ ಪಾಶ್ಚರನು ಇಂತಹ ಮದ್ದುಗಳಿಗೆಲ್ಲ ವ್ಯಾಕ್ಸಿನ್ ಎಂಬ ಹೆಸರನ್ನೇ ಬಳಸಿದನು. ಹಸುವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು. ನಾವು ಅದನ್ನು ಲಸಿಕೆ ಎನ್ನುತ್ತೇವೆ.

ಮರುವರ್ಷ ಆತನು ದನಕುರಿಗಳನ್ನು ಕೊಲ್ಲುತ್ತಿದ್ದ ಆಂಥ್ರಾಕ್ಸ್ ಎಂಬ ನೆರಡಿ ರೋಗಕ್ಕೆ ಲಸಿಕೆಯನ್ನು ಸಿದ್ಧಪಡಿಸಿದನು. ನಂಬದವರು ಬಹಿರಂಗ ಪರೀಕ್ಷೆಗೆ ಕರೆದರು. 1881ರ ಮೇ ತಿಂಗಳಲ್ಲಿ ಪೂಯಿ-ಲೆ-ಫೋರ್ ಎಂಬ ಹಳ್ಳಿಯ ಹೊಲದಲ್ಲಿ ಸುಮಾರು 50 ಕುರಿಗಳನ್ನು ಕೂಡಿಹಾಕಿದರು. ಅರ್ಧದಷ್ಟಕ್ಕೆ ಎರಡು ಸಲ ಲಸಿಕೆ ಹಾಕಿ, ತಿಂಗಳ ಕೊನೆಯಲ್ಲಿ ಎಲ್ಲವಕ್ಕೂ ಪ್ರಬಲವಾದ ರೋಗಾಣುಗಳನ್ನು ಚುಚ್ಚಲಾಯಿತು. ಜೂನ್ 2ರಂದು ರೈತರು, ಪಶುವೈದ್ಯರು, ಪತ್ರಿಕೆಯವರು ಬಂದು ನೋಡಿದಾಗ ಲಸಿಕೆ ಪಡೆದ ಕುರಿಗಳು ಮೇಯುತ್ತಿದ್ದವು. ಪಡೆಯದ ಕುರಿಗಳು ಸತ್ತು ಬಿದ್ದಿದ್ದವು, ಇಲ್ಲವೆ ಸಾಯುತ್ತಿದ್ದವು. ಪಾಶ್ಚರನ ಕೀರ್ತಿಯು ದೇಶದೇಶಗಳಿಗೆ ಹರಡಿತು.

ಮಹಾಪುರುಷರ ಬಾಳನ್ನು ಓದುವಾಗ ಅವರ ಕೊರತೆಗಳನ್ನು ಮರೆಮಾಡುವುದು ಸರಿಯಲ್ಲ. ಪಾಶ್ಚರನು ಕೋಪಿಷ್ಠನು, ವಾದಪ್ರಿಯನು. ತನ್ನ ಪ್ರಯೋಗಗಳ ವಿವರಗಳನ್ನು ಗುಟ್ಟಾಗಿಡುವವನು. ಆತನ ದಿನಚರಿ ಪುಸ್ತಕಗಳು ಬಹುಕಾಲ ಮನೆತನದವರ ಬಳಿಯೇ ಇದ್ದು, 1964ರಲ್ಲಿ ಮೊಮ್ಮಗನಿಂದ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸೇರಿದವು. ಅವುಗಳನ್ನು ಪರಿಶೀಲಿಸಿದ ಇತಿಹಾಸಕಾರರು, ಪೂಯಿ-ಲೆ-ಫೋರಿನಲ್ಲಿ ಬಳಸಿದ ಲಸಿಕೆಯು ಪಾಶ್ಚರನು ಜನರಿಗೆ ತಿಳಿಸಿದ್ದ ವಿಧಾನದಿಂದ ಮಾಡಿದ್ದಲ್ಲ, ಆತನ ಸಹಾಯಕ ಶಾಂಬರ್ಲಾನನು ರಾಸಾಯನಿಕದಿಂದ ಬಲಗುಂದಿಸಿದ್ದೆಂದು ಕಂಡುಕೊಂಡರು. ಅದಕ್ಕೆ ಹತ್ತಿರವಾದ ದಾರಿಯನ್ನು ತುಲೂಸ್ ನಗರದ ತೂಸಾನ್ ಎಂಬ ಪಶುವೈದ್ಯನು ಮೊದಲೇ ಹಿಡಿದಿದ್ದನು. ಆತನಿಗೆ ಸಲ್ಲಬೇಕಾದಷ್ಟು ಮನ್ನಣೆ ಆಗ ಸಲ್ಲಲಿಲ್ಲ. ಲಸಿಕೆಯ ಫಲವು ಇದರಿಂದ ಸುಳ್ಳಾಗುವುದಿಲ್ಲ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳುವುದು ವಿಜ್ಞಾನಿಯ ಧರ್ಮವೆಂಬ ಅಳತೆಗೋಲು ಪಾಶ್ಚರನಿಗೂ ಅನ್ವಯಿಸತಕ್ಕದ್ದೇ.

ಈಗ ಆತನು ಬಾಲ್ಯದಲ್ಲಿ ಕಂಡಿದ್ದ ಭೀಕರ ರೋಗದ ಕಡೆಗೆ ತಿರುಗಿದನು. ರೇಬೀಸಿನ ರೋಗಾಣುವು ಎಷ್ಟು ಸಣ್ಣದೆಂದರೆ ಅಂದಿನ ಯಾವ ಸೂಕ್ಷ್ಮದರ್ಶಕಕ್ಕೂ ಅದು ಕಾಣುತ್ತಿರಲಿಲ್ಲ. ಸಾರಿನಲ್ಲಿ ಬೆಳೆಸಲೂ ಸಾಧ್ಯವಾಗಲಿಲ್ಲ. ಅದು ನರಗಳನ್ನು ಹಿಡಿದು ಮೆದುಳನ್ನು ಸೇರುತ್ತದೆಂಬುದನ್ನು ಅರಿತು, ಪಾಶ್ಚರನೂ ಆತನ ಸಹಾಯಕ ಎಮಿಲ್ ರೂ ಎಂಬವನೂ ಅದನ್ನು ಮೊಲಗಳ ದೇಹದಲ್ಲಿಯೇ ಬೆಳೆಸಿದರು. ರೋಗದಿಂದ ಸತ್ತ ಮೊಲದ ಬೆನ್ನುಹುರಿಯನ್ನು ತೆಗೆದು, ತೇವವನ್ನು ಹೀರುವ ಪೊಟ್ಯಾಶನ್ನು ತಳದಲ್ಲಿಟ್ಟ ಸೀಸೆಯೊಳಗೆ ತೂಗುಹಾಕಿದರು. ಒಣಗಿದಷ್ಟೂ ಅದರ ವಿಷವು ಕುಗ್ಗುತ್ತ ಬಂದು, ಹದಿನಾಲ್ಕು ದಿನಗಳಲ್ಲಿ ನಿರಪಾಯಕರವಾಗುತ್ತಿತ್ತು. ಹೆಚ್ಚು ಒಣಗಿದುದರಿಂದ ತೊಡಗಿ ದಿನದಿನವೂ ಹೊಸದರ ಕಡೆಗೆ ಸಾಗಿ ಚುಚ್ಚಿದ ನಾಯಿಗಳಿಗೆ ರೋಗವು ತಗಲಲಿಲ್ಲ. ಈ ರೋಗದಲ್ಲಿ ಇನ್ನೊಂದು ವಿಶೇಷವಿದೆ. ಕಡಿತವಾದ ಮೇಲೆ ವಿಷವು ಮೆದುಳನ್ನು ಮುಟ್ಟಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರೊಳಗೆ ಲಸಿಕೆಯು ದೇಹವನ್ನು ಅಣಿಗೊಳಿಸಿದರೆ ಕಡಿತವಾದ ಮೇಲೂ ಪ್ರಾಣ ಉಳಿಯಬಹುದು. ಆದರೆ ಇದನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಧೈರ್ಯ ಪಾಶ್ಚರನಿಗೆ ಇನ್ನೂ ಬಂದಿರಲಿಲ್ಲ.

1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ ತಾಯಿಯೊಬ್ಬಳು ಒಂಬತ್ತು ವರ್ಷದ ತನ್ನ ಮಗ ಜೋಸೆಫ್ ಮೈಸ್ಟರನನ್ನು ಕರೆದುಕೊಂಡು ಪ್ಯಾರಿಸ್ಸಿನ ಪ್ರಯೋಗಶಾಲೆಗೆ ಬಂದಳು. ಎರಡು ದಿನಗಳ ಹಿಂದೆ ಶಾಲೆಗೆ ಹೋಗುತ್ತಿದ್ದ ಆ ಬಾಲಕನನ್ನು ಹುಚ್ಚುನಾಯಿ ಕೆಡವಿ ಕೈಕಾಲುಗಳನ್ನು ಹಲವು ಕಡೆ ಕಚ್ಚಿತ್ತು. ಆತನು ನಡೆಯಲೂ ಕಷ್ಟಪಡುತ್ತಿದ್ದನು. ಪಾಶ್ಚರನು ಇಕ್ಕಟ್ಟಿಗೆ ಸಿಲುಕಿದನು. ಆತನು ವೈದ್ಯನಲ್ಲ, ಚಿಕಿತ್ಸೆ ನೀಡುವ ಅಧಿಕಾರ ಆತನಿಗಿಲ್ಲ. ಲಸಿಕೆಯು ವಿಫಲವಾದರೆ ಮಗುವನ್ನು ಕೊಂದವನೆಂಬ ಅಪವಾದ ತಪ್ಪದು. ಸುಮ್ಮನಿದ್ದರೆ ಮಗು ಸಾಯುವುದು ಬಹುಮಟ್ಟಿಗೆ ಖಚಿತ. ಆತನು ವಲ್ಪಿಯಾನ್ ಮತ್ತು ಗ್ರಾಂಶೇ ಎಂಬ ವೈದ್ಯರ ಅಭಿಪ್ರಾಯವನ್ನು ಕೇಳಿದನು. ಗಾಯಗಳನ್ನು ನೋಡಿದ ಅವರಿಬ್ಬರೂ ಲಸಿಕೆ ಕೊಡುವುದೇ ಸರಿಯೆಂದರು. ಪರೀಕ್ಷೆಗಳು ಇನ್ನೂ ಸಾಲವೆಂದು ಭಾವಿಸಿದ್ದ ರೂ ಈ ಚಿಕಿತ್ಸೆಯಲ್ಲಿ ಭಾಗವಹಿಸಲಿಲ್ಲ. ಅಂದು ಸಂಜೆ ಗ್ರಾಂಶೇ ಮೊದಲ ಚುಚ್ಚುಮದ್ದನ್ನು ಕೊಟ್ಟನು. ಜುಲೈ 16ರವರೆಗೆ ಒಟ್ಟು 13 ಚುಚ್ಚುಮದ್ದುಗಳಾದವು. ದಿನ ಕಳೆದಂತೆ ಔಷಧವು ಪ್ರಬಲವಾಗುತ್ತಿತ್ತು. ಪಾಶ್ಚರನ ಕಳವಳವೂ ಹೆಚ್ಚುತ್ತಿತ್ತು. ರಾತ್ರಿಗಳಲ್ಲಿ ಆತನಿಗೆ ನಿದ್ದೆ ಹತ್ತಲಿಲ್ಲ. ಬಾಲಕನು ಮಾತ್ರ ಪ್ರಯೋಗಶಾಲೆಯ ಮೊಲಗಳೊಡನೆ ಆಡಿಕೊಂಡಿದ್ದನು. ವಾರಗಳು ಉರುಳಿದವು, ತಿಂಗಳುಗಳು ಕಳೆದವು. ರೋಗವು ತಲೆದೋರಲಿಲ್ಲ. ಜೋಸೆಫ್ ಮೈಸ್ಟರ್ ಬದುಕಿದನು.

ಆ ಅಕ್ಟೋಬರಿನಲ್ಲಿ, ಪಾಶ್ಚರನ ಹುಟ್ಟುಸೀಮೆಯಾದ ಜೂರಾ ಪ್ರಾಂತದಿಂದಲೇ ಜೂಪೀ ಎಂಬ ಹದಿನೈದು ವರ್ಷದ ಕುರುಬ ಹುಡುಗನು ಬಂದನು. ತನಗಿಂತ ಚಿಕ್ಕವರ ಮೇಲೆ ಎರಗಿದ ಹುಚ್ಚುನಾಯಿಯನ್ನು ತಾನೊಬ್ಬನೇ ಎದುರಿಸಿ ಕಡಿತಕ್ಕೊಳಗಾಗಿದ್ದ ಆ ಸಾಹಸಿಯೂ ಉಳಿದನು. ಆದರೆ ಎಲ್ಲರೂ ಉಳಿಯಲಿಲ್ಲ. ನವೆಂಬರಿನಲ್ಲಿ ಹತ್ತು ವರ್ಷದ ಬಾಲಿಕೆಯೊಬ್ಬಳನ್ನು ಕಡಿತವಾಗಿ 37 ದಿನಗಳಾದ ಮೇಲೆ ಕರೆತಂದರು. ಕಾಲ ಮೀರಿತ್ತೆಂದು ಪಾಶ್ಚರನಿಗೆ ತಿಳಿದಿತ್ತು. ಆಕೆ ಸತ್ತರೆ ಲಸಿಕೆಗೇ ಕೆಟ್ಟ ಹೆಸರು ಬರುವುದೆಂಬುದೂ ತಿಳಿದಿತ್ತು. ಆದರೂ ತಾಯಿತಂದೆಯರ ಮೊರೆಯನ್ನು ತಳ್ಳಿಹಾಕಲಾರದೆ ಚಿಕಿತ್ಸೆ ಕೊಡಿಸಿದನು. ಆ ಬಾಲಿಕೆ ಬದುಕಲಿಲ್ಲ. ಕೀರ್ತಿಗಿಂತ ಒಂದು ಜೀವದ ಕ್ಷೀಣವಾದ ಆಸೆಯೇ ಅಂದು ಆತನಿಗೆ ದೊಡ್ಡದಾಗಿ ಕಂಡಿತು. 1886ರಲ್ಲಿ ರಷ್ಯಾದ ಸ್ಮೊಲೆನ್ಸ್ಕ್ ಸೀಮೆಯಿಂದ ಹುಚ್ಚುತೋಳ ಕಚ್ಚಿದ 19 ಮಂದಿ ಬಂದರು. ಅವರಲ್ಲಿ 16 ಮಂದಿ ಬದುಕಿ ಊರಿಗೆ ಮರಳಿದರು.

ಲೋಕದ ನಾನಾ ಕಡೆಗಳಿಂದ ಬಂದ ದೇಣಿಗೆಗಳಿಂದ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆಯು ನಿರ್ಮಾಣವಾಗಿ, 1888ರ ನವೆಂಬರ್ 14ರಂದು ಆರಂಭವಾಯಿತು. ಆ ದಿನ ಪಾಶ್ಚರನು ಭಾವಪರವಶನಾಗಿದ್ದುದರಿಂದ ಆತನ ಭಾಷಣವನ್ನು ಮಗನು ಓದಬೇಕಾಯಿತು. 1892ರಲ್ಲಿ ಆತನ ಎಪ್ಪತ್ತನೆಯ ಹುಟ್ಟುಹಬ್ಬದ ಸಭೆಗೆ ಲಿಸ್ಟರನೇ ಇಂಗ್ಲೆಂಡಿನಿಂದ ಬಂದು ಆತನನ್ನು ಆಲಿಂಗಿಸಿದನು. 1895ರ ಸೆಪ್ಟೆಂಬರ್ 28ರಂದು ಪ್ಯಾರಿಸ್ಸಿನ ಬಳಿ ಪಾಶ್ಚರನು ಕೊನೆಯುಸಿರೆಳೆದನು. ಆತನ ಸಮಾಧಿಯು ಆ ಸಂಸ್ಥೆಯಲ್ಲಿಯೇ ಇದೆ. ಅಂದು ಉಳಿದ ಬಾಲಕ ಮೈಸ್ಟರನು ದೊಡ್ಡವನಾದ ಮೇಲೆ ಅದೇ ಸಂಸ್ಥೆಯ ಬಾಗಿಲು ಕಾಯುವ ಕೆಲಸಕ್ಕೆ ಸೇರಿದನು.

ಪಾಶ್ಚರನ ಲಸಿಕೆಯು ನಮ್ಮ ದೇಶಕ್ಕೂ ಬಂದಿತು. 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಕಸೌಲಿಯಲ್ಲಿ 1911ರಲ್ಲಿ ರೂಪುಗೊಂಡ, ಕುರಿಯ ಮೆದುಳಿನಿಂದ ತಯಾರಿಸುವ ಲಸಿಕೆಯು ಬಹುಕಾಲ ಬಳಕೆಯಲ್ಲಿತ್ತು. ಹೊಕ್ಕುಳಿನ ಸುತ್ತ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳ ನೋವನ್ನು ನಮ್ಮ ಮನೆಗಳ ಹಿರಿಯರು ಇಂದಿಗೂ ಹೇಳುವುದುಂಟು. ಆ ಹಳೆಯ ಲಸಿಕೆಯನ್ನು ಈಗ ಕೈಬಿಡಲಾಗಿದೆ. ಇಂದು ಕೊಡುವ ಲಸಿಕೆಯು ಹೆಚ್ಚು ಸುರಕ್ಷಿತವಾದದ್ದು. ಕೆಲವೇ ಸಲ, ಗೊತ್ತಾದ ದಿನಗಳಂದು, ತೋಳಿಗೆ ಹಾಕುವಂಥದು.

ಇಷ್ಟಾದರೂ ಲೋಕದಲ್ಲಿ ಪ್ರತಿವರ್ಷ ಸುಮಾರು 59,000 ಜನರು ರೇಬೀಸಿನಿಂದ ಸಾಯುತ್ತಾರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಬಡವರು. ಹತ್ತರಲ್ಲಿ ನಾಲ್ವರು ಹದಿನೈದು ವರ್ಷದೊಳಗಿನ ಮಕ್ಕಳು. ಲಸಿಕೆ ಇಲ್ಲವೆಂದು ಇವರು ಸಾಯುವುದಕ್ಕಿಂತ, ಅದು ಸಕಾಲದಲ್ಲಿ ಸಿಗದೆ ಅಥವಾ ಅದರ ಅಗತ್ಯವನ್ನು ಅರಿಯದೆ ಸಾಯುವುದೇ ಹೆಚ್ಚು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಇಂದಿಗೂ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಪಾಶ್ಚರನ ಪುಣ್ಯತಿಥಿಯನ್ನು ರೇಬೀಸ್ ದಿನವನ್ನಾಗಿ ಆಚರಿಸುವುದು ಈ ಕಾರಣದಿಂದಲೇ. ನಾಯಿಗಳಿಂದ ಬರುವ ರೇಬೀಸಿಗೆ 2030ರ ಹೊತ್ತಿಗೆ ಯಾರೊಬ್ಬರೂ ಬಲಿಯಾಗಬಾರದೆಂಬ ಗುರಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಇಟ್ಟುಕೊಂಡಿವೆ. ಸಾಕಿದ ನಾಯಿಗೂ ಬೀದಿಯ ನಾಯಿಗೂ ವರ್ಷವರ್ಷ ಲಸಿಕೆ ಹಾಕಿಸುವುದು ಅದಕ್ಕೆ ಮುಖ್ಯವಾದ ದಾರಿ.

ನಾಯಿ ಕಚ್ಚಿದರೆ, ಪರಚಿದರೆ, ಅಥವಾ ಗಾಯವನ್ನು ನೆಕ್ಕಿದರೆ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಎಣ್ಣೆ, ಸೊಪ್ಪಿನ ರಸ ಯಾವುದನ್ನೂ ಹಚ್ಚಬಾರದು. ಅವು ಆರ್ಬ್ವಾ ಪಟ್ಟಣದ ಕಮ್ಮಾರನ ಕಬ್ಬಿಣದ ಸಾಲಿಗೇ ಸೇರಿದವು. ಅಂದೇ ಆಸ್ಪತ್ರೆಗೆ ಹೋಗಬೇಕು. ಗಾಯವು ಆಳವಾಗಿದ್ದರೆ ಲಸಿಕೆಯ ಜೊತೆಗೆ ಗಾಯದ ಸುತ್ತ ಹಾಕುವ ಇನ್ನೊಂದು ಮದ್ದೂ ಬೇಕಾಗುತ್ತದೆ. ಮೊದಲ ಚುಚ್ಚುಮದ್ದಿನ ಅನಂತರ ನೋವು ಕಡಿಮೆಯಾಯಿತೆಂದು ಉಳಿದವನ್ನು ತಪ್ಪಿಸಬಾರದು. ಬೈಗುಳಕ್ಕೆ ಅಂಜಿ ಮಕ್ಕಳು ಕಡಿತವನ್ನು ಮನೆಯಲ್ಲಿ ಮುಚ್ಚಿಡುವುದುಂಟು. ಅದಕ್ಕಿಂತ ದೊಡ್ಡ ಅಪಾಯ ಬೇರೊಂದಿಲ್ಲ.

ತೊಗಲು ಹದಮಾಡುವವನ ಮಗನೊಬ್ಬನು, ಮೂವರು ಮಕ್ಕಳನ್ನು ಕಳೆದುಕೊಂಡವನು, ಅರ್ಧದೇಹದ ಬಲವನ್ನು ಕಳೆದುಕೊಂಡವನು, ಪರರ ಮಕ್ಕಳಿಗಾಗಿ ಎಷ್ಟೋ ರಾತ್ರಿ ನಿದ್ದೆಗೆಟ್ಟು ದುಡಿದನು. ಆ ದುಡಿಮೆಯ ಫಲವು ಇಂದು ನಮ್ಮ ಊರಿನ ಆರೋಗ್ಯಕೇಂದ್ರದವರೆಗೂ ಬಂದು ತಲಪಿದೆ. ಅಲ್ಲಿಂದ ಮುಂದಿನ ಹೆಜ್ಜೆಯನ್ನು ಇಡಬೇಕಾದವರು ನಾವು. ಜುಲೈ 6ನ್ನೂ ಸೆಪ್ಟೆಂಬರ್ 28ನ್ನೂ ಶಾಲೆಯಲ್ಲಿ ಒಂದು ಗಂಟೆಯ ಭಾಷಣಕ್ಕೆ ಮುಗಿಸದೆ, ತಿಳಿದುಕೊಂಡ ಈ ನಾಲ್ಕು ಮಾತುಗಳನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿದರೆ, ಲೂಯಿ ಪಾಶ್ಚರನನ್ನು ಸ್ಮರಿಸುವುದಕ್ಕೆ ಅದೇ ತಕ್ಕ ರೀತಿ.